ನಿಂಬೆ ಹಿಂಡಿದ ಸಿಂಪಿ

"ಇದು ಯಾರ ತಟ್ಟೆ ಅಂತ ನೀನೇ ಹೇಳ್ತೀಯೋ, ನಾನೇ ಹೇಳ್ಬೇಕೋ?"

ಸೋಲೆನ್ ಕಾದಿಯು ಚೀಲದಿಂದ ತಟ್ಟೆಯನ್ನು ತೆಗೆದು ನೆಲಮಾಳಿಗೆಯ ವೈನ್ ಪೀಪಾಯಿಯ ಮೇಲಿಟ್ಟಳು. ತಟ್ಟೆಯ ತುಂಬ ಖಾಲಿ ಸಿಂಪಿ ಚಿಪ್ಪುಗಳು. ಅವುಗಳ ನಡುವೆ ಹಿಂಡಿ ಎಸೆದ ನಿಂಬೆಹಣ್ಣಿನ ಹೋಳುಗಳು ಒಣಗಿ ಮುದುಡಿದ್ದವು.

ಗೋತಿಯೆ ಮಾರ್ಷೆಸೋ ತಟ್ಟೆಯನ್ನು ನೋಡಿದ, ನೆಲವನ್ನು ನೋಡಿದ, ಮತ್ತೆ ತಟ್ಟೆಯನ್ನೇ ನೋಡಿದ. ಶನಿವಾರದಿಂದ ಅವನ ಬಾಯಿಗೆ ಬೀಗ ಬಿದ್ದಿತ್ತು.

ಶನಿವಾರ ಸಂಜೆ ಮಾರ್ಷೆಸೋ ಮನೆಯ ಸುಗ್ಗಿಯೂಟಕ್ಕೆ ಕೂತವರು ನಾಲ್ವರು. ಮೂವರು ಆಸ್ಪತ್ರೆ ಸೇರಿದರು, ಏನೂ ಆಗದೆ ಉಳಿದವನು ಗೋತಿಯೆ ಒಬ್ಬನೇ.

ಆಸ್ಪತ್ರೆ ಸೇರಿದವರಲ್ಲಿ ಒಬ್ಬರು ಅವನ ತಂದೆ ಅನ್ಸೆಲ್ಮ್, ಇನ್ನೊಬ್ಬರು ಸೋದರತ್ತೆ ಒಡೆಟ್. ಮೂರನೆಯವನು ನಾಂತ್ ಪಟ್ಟಣದ ವೈನ್ ವ್ಯಾಪಾರಿ ಎರ್ವೆ ಕ್ರೆಸ್ಪೆಲ್. ಈ ವರ್ಷದ ಮಸ್ಕಾದೆ ವೈನನ್ನೆಲ್ಲ ಒಟ್ಟಿಗೆ ಕೊಳ್ಳುವ ಮಾತಿಗೆ ಬಂದಿದ್ದವನು ಆಂಬುಲೆನ್ಸ್ ಹತ್ತುವಾಗ ಹೊಟ್ಟೆ ಹಿಡಿದುಕೊಂಡು ಒಂದೇ ಮಾತು ಹೇಳಿದ್ದ: "ಮಗ ಹಿತ್ತಲಿಗೆ ಹೋಗಿ ಒಂದು ಬಾಟಲಿ ಚೆಲ್ಲಿ ಬಂದ. ನಾನು ಕಣ್ಣಾರೆ ಕಂಡೆ."

ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಬೇಕರಿಯ ಸಾಲಿನಲ್ಲಿ ನಿಂತವರೆಲ್ಲ ಮಾರ್ಷೆಸೋ ವೈನಿಗೆ ವಿಷ ಬಿದ್ದಿದೆ ಎಂದು ಪಿಸುಗುಟ್ಟಿದರು. ಪೊಲೀಸರು ನೆಲಮಾಳಿಗೆಗೆ ಮೊಹರು ಹಾಕಿದರು. ಮನೆಯಲ್ಲಿದ್ದ ವೈನ್ ಬಾಟಲಿಗಳನ್ನೆಲ್ಲ ಪರೀಕ್ಷೆಗೆ ಹೊತ್ತೊಯ್ದರು. ಇವತ್ತು ಮಧ್ಯಾಹ್ನದೊಳಗೆ ಗೋತಿಯೆ ಬಾಯಿ ಬಿಡದಿದ್ದರೆ ಅವನನ್ನು ನಾಂತ್‌ಗೆ ಕರೆತರಬೇಕೆಂದು ಮೇಲಿನಿಂದ ಹುಕುಂ ಆಗಿತ್ತು.

ಆ ಮೊಹರು ತೆಗೆದು ಅವನನ್ನು ಒಳಗೆ ಕರೆತಂದವಳೂ, ಕೈಗೆ ಕೋಳ ತೊಡಿಸಬೇಕಾದವಳೂ ಸೋಲೆನ್. ಅದೇ ಅವಳಿಗೆ ಸಂಕಟ. ಈ ಊರಿನ ಶಾಲೆಯಲ್ಲಿ ಅವಳಿಗಿಂತ ಎರಡು ತರಗತಿ ಮುಂದಿದ್ದ ಗೋತಿಯೆಯ ಸೈಕಲ್ಲಿನ ಹಿಂದೆ ಕೂತು ಅವಳು ಎಷ್ಟೋ ಸಲ ಮನೆ ಸೇರಿದ್ದಳು. ಪೊಲೀಸ್ ಅಂಗಿ ತೊಟ್ಟ ಮಾತ್ರಕ್ಕೆ ಅದೆಲ್ಲ ಮರೆತುಹೋಗುತ್ತದೆಯೇ?

"ನನ್ನದೇ ತಟ್ಟೆ," ಅಂದ ಗೋತಿಯೆ ಕೊನೆಗೆ. "ಸಿಂಪಿ ತಿಂದೆ. ಅದೂ ತಪ್ಪಾ?"

"ಸಿಂಪಿ ತಿಂದಿದ್ದು ತಪ್ಪಲ್ಲ. ನಿಂಬೆಹಣ್ಣು ಹಿಂಡಿದ್ದು."

"ಏನು, ನಿಂಬೆಹಣ್ಣಿಗೂ ಕಾನೂನು ಬಂತಾ?"

"ನಿಮ್ಮಪ್ಪನ ಮನೇಲಿ ಯಾವತ್ತೋ ಬಂದಿದೆ."

ಆ ಮಾತು ಗೋತಿಯೆಗೆ ತಾಗಿತು. ಅನ್ಸೆಲ್ಮರ ಮೇಜಿನ ಮೇಲೆ ಸಿಂಪಿಯ ಪಕ್ಕ ನಿಂಬೆಹಣ್ಣು ಇಡುವುದೆಂದರೆ ಮನೆಯ ಯಜಮಾನನಿಗೆ ಮುಖದ ಮೇಲೆ ಬೈದಂತೆ. ಮಸ್ಕಾದೆಯಲ್ಲೇ ಹುಳಿಯಿದೆ, ಕಡಲ ಗಾಳಿಯ ಉಪ್ಪೂ ಇದೆ. ಸಿಂಪಿಯನ್ನು ಬಾಯಿಗೆ ಸುರಿದುಕೊಂಡು ಹಿಂದೆಯೇ ಒಂದು ಗುಟುಕು ತಣ್ಣನೆಯ ವೈನ್ ಇಳಿಸಿದರೆ ಅದಕ್ಕೆ ಬೇರೆ ಯಾವ ಒಗ್ಗರಣೆಯೂ ಬೇಡ. ಪ್ಯಾರಿಸ್ಸಿನಿಂದ ಬಂದ ನೆಂಟರು ನಿಂಬೆ ಕೇಳಿದರೆ ಮುದುಕರು, "ಯಾಕೆ, ನಮ್ಮ ವೈನಿಗೆ ಏನಾಗಿದೆ?" ಎಂದು ಮುಖ ಗಂಟಿಕ್ಕುವುದನ್ನು ಊರೆಲ್ಲ ನೋಡಿತ್ತು.

"ಮೇಜಿನ ಮೇಲಿದ್ದ ಮೂರು ತಟ್ಟೇಲೂ ನಿಂಬೆ ಇಲ್ಲ," ಅಂದಳು ಸೋಲೆನ್. "ನೀನು ಗೋಡೆ ಪಕ್ಕದ ಕಟ್ಟೆ ಹತ್ರ ನಿಂತು ಎಲ್ಲರಿಗೂ ಸಿಂಪಿ ಬಿಡಿಸ್ತಾ ಇದ್ದೆ. ಅಲ್ಲಿದ್ದ ತಟ್ಟೇಲಿ ಮಾತ್ರ ಇದೆ. ಒಡೆಟ್ ಅತ್ತೆ ಅಡುಗೆಮನೇಲಿ ನಿಂಬೆಹಣ್ಣೇ ಇರ್ಲಿಲ್ಲ. ಜೇಬಲ್ಲಿ ಇಟ್ಕೊಂಡು ಬಂದ್ಯಾ?"

ಗೋತಿಯೆ ಹಣೆ ಒರೆಸಿಕೊಂಡ. ಹೊರಗೆ ಚಳಿ ಹಿಡಿದಿತ್ತು, ನೆಲಮಾಳಿಗೆಯಲ್ಲಿ ಇನ್ನೂ ತಂಪು. ಆದರೂ ಅವನು ಬೆವರುತ್ತಿದ್ದ.

"ಮಸ್ಕಾದೆ ಮಾಡೋನು, ಮಸ್ಕಾದೆ ಪಕ್ಕದಲ್ಲೇ ಇಟ್ಕೊಂಡು, ಅಪ್ಪನಿಗೆ ಕಾಣದ ಹಾಗೆ ಸಿಂಪಿಗೆ ನಿಂಬೆ ಯಾಕಪ್ಪಾ ಹಿಂಡ್ತಾನೆ?" ಸೋಲೆನ್ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. "ವೈನ್ ಕುಡಿಯೋನಿಗೆ ನಿಂಬೆ ಬೇಕಾಗಲ್ಲ. ನೀನು ಕುಡೀಲಿಲ್ಲ. ಯಾಕೆ ಕುಡೀಲಿಲ್ಲ ಗೋತಿಯೆ? ಅದರಲ್ಲಿ ಏನಿದೆ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ!"

"ಹಾಗಾದ್ರೆ ಹೇಳು."

"ಆಗಲ್ಲ."

"ಜೈಲಿಗೆ ಹೋಗ್ತೀಯಾ?"

"ಹೋಗ್ತೀನಿ. ಅಲ್ಲಿ ಬಂದು ಯಾರೂ ನಗಲ್ವಲ್ಲ."

ನಗುವುದು ಎಂಬ ಮಾತು ಎಲ್ಲಿಂದ ಬಂತು? ವಿಷ ಹಾಕಿದವನನ್ನು ಕಂಡು ಜನ ಉಗಿಯುತ್ತಾರೆ, ಹೊಡೆಯುತ್ತಾರೆ, ನಗುವುದಿಲ್ಲ. ಸೋಲೆನ್‌ಗೆ ತಟ್ಟನೆ ಹೊಳೆಯಿತು. ಇವನು ಮುಚ್ಚಿಟ್ಟುಕೊಂಡಿರುವುದು ಪಾಪವನ್ನಲ್ಲ, ನಾಚಿಕೆಯನ್ನು. ಅವಳು ದನಿ ತಗ್ಗಿಸಿದಳು.

"ಶನಿವಾರ ಒಂದೇ ದಿನವಾ? ಅಥವಾ ನೀನು ಕುಡಿಯೋದನ್ನೇ ಬಿಟ್ಟಿದ್ದೀಯಾ?"

ಗೋತಿಯೆ ಪೀಪಾಯಿಗೆ ಒರಗಿ ಕುಸಿದು ಕೂತ. ದೊಡ್ಡ ಆಳು, ಎತ್ತಿನಂಥ ಹೆಗಲು. ಆ ಹೆಗಲು ಅಲುಗತೊಡಗಿತು.

"ಮೂರು ವರ್ಷ ಆಯ್ತು," ಅಂದ. "ನಿಂಗೆ ಗೊತ್ತಲ್ಲ ಆಗ ನಾನು ಹೇಗಿದ್ದೆ ಅಂತ. ಬೆಳಿಗ್ಗೆ ಎದ್ದು ಇಲ್ಲಿಗೆ ಬಂದ್ರೆ, ರುಚಿ ನೋಡೋ ನೆಪದಲ್ಲಿ ಶುರುವಾಗ್ತಿತ್ತು. ಡಾಕ್ಟರು ಕೂರಿಸ್ಕೊಂಡು ಹೇಳಿದ್ರು, ಇನ್ನೊಂದು ಸುಗ್ಗಿ ಹೀಗೇ ಕುಡಿದ್ರೆ ಅದರ ಮುಂದಿನ ಸುಗ್ಗಿ ನೋಡಲ್ಲ ಅಂತ. ಬಿಟ್ಟೆ. ಅವತ್ತಿಂದ ಒಂದು ಗುಟುಕೂ ಗಂಟಲಲ್ಲಿ ಇಳಿಸಿಲ್ಲ."

"ಮತ್ತೆ ವೈನ್ ಹೇಗೆ ಮಾಡ್ತೀಯೋ?"

"ಬಾಯಿಗೆ ಹಾಕ್ಕೋತೀನಿ, ಉಗೀತೀನಿ. ಇಲ್ಲಿ ಎಲ್ಲರೂ ಉಗೀತಾರಲ್ಲ, ಯಾರಿಗೂ ಗೊತ್ತಾಗಲ್ಲ. ಊಟಕ್ಕೆ ಕೂತಾಗಲೇ ಕಷ್ಟ. ನಮ್ಮ ಬಾಟಲಿಗೇ ಸೇಬಿನ ರಸ ತುಂಬಿ, ನೀರು ಬೆರೆಸಿ, ಬಣ್ಣ ಹೊಂದಿಸಿ ಪಕ್ಕದಲ್ಲಿ ಇಟ್ಕೋತೀನಿ. ಆದ್ರೆ ಅದು ಸಿಹಿ ಕಣೇ, ಸಿಂಪಿಗೆ ಹೊಂದಲ್ಲ, ವಾಕರಿಕೆ ಬರುತ್ತೆ. ಅದಕ್ಕೇ ನಿಂಬೆ."

"ಹಿತ್ತಲಲ್ಲಿ ಚೆಲ್ಲಿದ್ದೂ ಅದೇನಾ?"

"ಅದೇ. ಮೇಜಿನ ಮೇಲಿನ ವೈನ್ ಮುಗೀತು. ನಾನಿನ್ನೂ ನನ್ನ ಲೋಟಕ್ಕೆ ಬಗ್ಗಿಸ್ಕೊಂಡೇ ಇರ್ಲಿಲ್ಲ, ಕ್ರೆಸ್ಪೆಲ್ ಎದ್ದು ಬಂದು ನನ್ನ ಬಾಟಲೀನೇ ಎತ್ಕೊಂಡು ಬಗ್ಗಿಸ್ಕೊಂಡ. ಒಂದು ಲೋಟ ಪೂರ್ತಿ ಕುಡಿದ. ಕುಡಿದು ನನ್ನ ಮುಖ ನೋಡಿ ನಕ್ಕ, ಏನೂ ಹೇಳ್ಲಿಲ್ಲ. ನಂಗೆ ಜೀವವೇ ಹೋದಂಗಾಯ್ತು. ಬಾಟಲಿ ಕಿತ್ಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿ, ತೊಳೆದಿಟ್ಟೆ."

"ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?"

"ಏನಂತ ಬೊಗಳ್ಲಿ? ಮಾರ್ಷೆಸೋ ಮನೆ ಮಗ ತನ್ನ ವೈನ್ ತಾನೇ ಕುಡಿಯಲ್ಲ ಅಂತಾನಾ? ಅಡುಗೆಯವನೇ ತನ್ನ ಸಾರು ಮುಟ್ಟದಿದ್ರೆ ಆ ಮನೇಲಿ ಊಟ ಮಾಡ್ತೀಯಾ ನೀನು? ಅಪ್ಪ ಎದೆ ಒಡ್ಕೊಂಡು ಸಾಯ್ತಾನೆ. ನಾನು ಜೈಲಿಗೆ ಹೋದ್ರೂ ಪರವಾಗಿಲ್ಲ, ಅಪ್ಪನಿಗೆ ಮಾತ್ರ ಗೊತ್ತಾಗಬಾರದು."

ಸೋಲೆನ್ ಅವನನ್ನೇ ದಿಟ್ಟಿಸಿದಳು. ಆಮೇಲೆ ಅವಳಿಗೆ ನಗು ಬಂತು. ತಡೆಯಬೇಕೆಂದರೂ ತಡೆಯಲಾಗಲಿಲ್ಲ; ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಶನಿವಾರದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಆ ನಗುವಿನೊಂದಿಗೆ ಉರುಳಿಹೋಯಿತು.

"ನಗು, ನಗು," ಅಂದ ಗೋತಿಯೆ ಸಿಟ್ಟಿನಿಂದ. "ಇದಕ್ಕೇ ಹೇಳ್ಲಿಲ್ಲ."

"ಅಯ್ಯೋ ಹುಚ್ಚಪ್ಪಾ, ನೀನು ಕುಡಿಯಲಿಲ್ಲ ಅನ್ನೋ ಒಂದು ಮಾತಿಗೋಸ್ಕರ ಬೆಳಿಗ್ಗೆಯಿಂದ ಕಾಯ್ತಾ ಇದ್ದೆ ಕಣೋ. ನೀನು ಗೆದ್ದೆ! ಏಳು ಮೇಲೆ."

ಅವಳು ಬೆಳಿಗ್ಗೆ ಎದ್ದವಳೇ ಶನಿವಾರ ಒಡೆಟ್ ಅತ್ತೆ ಅಣಬೆ ಹುರಿದ ಬಾಣಲೆಯ ತಳದಲ್ಲಿ ಉಳಿದಿದ್ದನ್ನೂ, ತಿಪ್ಪೆಗೆ ಎಸೆದಿದ್ದ ಅಣಬೆಯ ಬುಡಗಳನ್ನೂ ಔಷಧದಂಗಡಿಯ ಮದಾಂ ಪ್ಲೆಸ್ಸಿಯ ಮುಂದೆ ಹರಡಿದ್ದಳು. ಶರತ್ಕಾಲ ಬಂತೆಂದರೆ ಊರಿನವರೆಲ್ಲ ಅಣಬೆ ಬುಟ್ಟಿಯನ್ನು ಮೊದಲು ಅವರ ಅಂಗಡಿಗೆ ತಂದು ತೋರಿಸಿ, ಅವರು ಹೂಂ ಅಂದ ಮೇಲೆಯೇ ಒಲೆ ಹಚ್ಚುವುದು ವಾಡಿಕೆ. ಒಡೆಟ್ ಅತ್ತೆಯೂ ಪ್ರತಿ ವರ್ಷ ತೋರಿಸುತ್ತಿದ್ದರು. ಈ ಸಲ ಅಂಗಡಿ ಮುಚ್ಚಿದ ಮೇಲೆ ಅಣಬೆ ಸಿಕ್ಕಿತ್ತು, ಊಟಕ್ಕೆ ಹೊತ್ತಾಗಿತ್ತು, ಕಣ್ಣು ಮಂಜಾಗಿತ್ತು. ಬಿಳಿ ಜೂಲಿನ ಒಳ್ಳೆಯ ಅಣಬೆಯ ಜೊತೆಗೆ ಅದರ ದಾಯಾದಿ ಬೂದು ಅಣಬೆಯೂ ಬುಟ್ಟಿಗೆ ಬಿದ್ದಿತ್ತು. ತಿಪ್ಪೆಯಲ್ಲಿ ಅದು ಕರಗಿ ಮಸಿಯಾಗಿತ್ತು.

"ಅದರಲ್ಲೊಂದು ತಮಾಷೆ ಇದೆ," ಅಂದಿದ್ದರು ಮದಾಂ ಪ್ಲೆಸ್ಸಿ. "ನೀರು ಕುಡಿಯೋರು ತಿಂದ್ರೆ ಏನೂ ಆಗಲ್ಲ. ಅದರ ಮೇಲೆ ಒಂದು ಲೋಟ ವೈನ್ ಬಿತ್ತೋ, ಮುಖ ಕೆಂಪೇರುತ್ತೆ, ಎದೆ ಹೊಡ್ಕೊಳ್ಳುತ್ತೆ, ವಾಂತಿ. ಜೀವಕ್ಕೇನೂ ಅಪಾಯ ಇಲ್ಲ. ಆದ್ರೆ ಈ ಊರಲ್ಲಿ ನೀರು ಕುಡ್ಕೊಂಡು ಊಟ ಮಾಡೋರು ಯಾರಿದ್ದಾರೆ ಹೇಳು?"

ಒಬ್ಬನಿದ್ದ. ಬೆಣ್ಣೆಯಲ್ಲಿ ಹುರಿದ ಆ ಅಣಬೆಯನ್ನು ರೊಟ್ಟಿಯ ಮೇಲೆ ಹೇರಿಕೊಂಡು ಎಲ್ಲರಿಗಿಂತ ಹೆಚ್ಚು ತಿಂದವನೂ ಅವನೇ. ವಿಷ ಹಾಕಿದವರು ಯಾರೂ ಇರಲಿಲ್ಲ. ವೈನಿಗೆ ಹೊಂದದ ಒಂದು ತಿನಿಸು ವೈನಿನ ಮನೆಯ ತಟ್ಟೆಗೆ ಬಂದಿತ್ತು, ಅಷ್ಟೇ.

ಸೋಲೆನ್ ಹೇಳಿ ಮುಗಿಸುವಷ್ಟರಲ್ಲಿ ಗೋತಿಯೆ ಎದ್ದು ನಿಂತಿದ್ದ. ಒಂದು ಸಲ ನಕ್ಕ, ಒಂದು ಸಲ ಅತ್ತ, ಆಮೇಲೆ ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿದ.

"ಇಳಿಸೋ, ಡ್ಯೂಟಿ ಮೇಲಿದೀನಿ!"

* * *

ಅಡುಗೆಮನೆಯಲ್ಲಿ ಅನ್ಸೆಲ್ಮರು ಆಗಲೇ ಬಂದು ಕೂತಿದ್ದರು. ಆಸ್ಪತ್ರೆಯವರು ಅಣ್ಣ ತಂಗಿ ಇಬ್ಬರನ್ನೂ ಬೆಳಿಗ್ಗೆಯೇ ಬಿಟ್ಟಿದ್ದರು. ಕ್ರೆಸ್ಪೆಲ್‌ಗೆ ಮಾತ್ರ ಇನ್ನೂ ಸುಸ್ತು ಇಳಿದಿಲ್ಲ, ಇನ್ನೊಂದು ದಿನ ಇರಲಿ ಎಂದಿದ್ದರಂತೆ. ಪಕ್ಕದ ಮನೆಯವರು ಬುಟ್ಟಿ ತುಂಬ ಸಿಂಪಿ ತಂದಿಟ್ಟು ಹೋಗಿದ್ದರು. ಮೊನ್ನೆ ಗುಸುಗುಸು ಎಂದದ್ದಕ್ಕೆ ಅದೇ ಪ್ರಾಯಶ್ಚಿತ್ತ ಇರಬೇಕು. ಒಡೆಟ್ ಅತ್ತೆ ರೊಟ್ಟಿಗೆ ಉಪ್ಪುಬೆಣ್ಣೆ ಸವರುತ್ತಿದ್ದರು.

ಸೋಲೆನ್ ಅಣಬೆಯ ಕಥೆ ಹೇಳಿದಾಗ ಒಡೆಟ್ ಅತ್ತೆಯ ಚಾಕು ನಿಂತಿತು.

"ನಾನೇನಾ? ನನ್ನ ಕೈಯಾರೆ?"

"ಸಾಯಿಸೋಕೆ ನಿನ್ನ ಅಡುಗೆಯೇ ಸಾಕು ಅಂತ ಎಷ್ಟು ವರ್ಷದಿಂದ ಹೇಳ್ತಾ ಇದೀನಿ," ಅಂದರು ಅನ್ಸೆಲ್ಮರು. ಒಡೆಟ್ ಅತ್ತೆ ಅವರತ್ತ ಕೈ ಒರೆಸುವ ಬಟ್ಟೆ ಎಸೆದರು. ಎಸೆದು, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡರು.

"ಹಾಗಾದ್ರೆ ನನ್ನ ಮಗನಿಗೆ ಯಾಕೆ ಏನೂ ಆಗಲಿಲ್ಲ?" ಎಂದು ಮುದುಕರು ಸೋಲೆನ್‌ಳನ್ನು ಕೇಳಿದರು. ಕೇಳುವ ದನಿಯಲ್ಲಿ ಏನೋ ತುಂಟತನವಿತ್ತು.

ಗೋತಿಯೆ ಬಾಗಿಲ ಬಳಿ ನಿಂತಿದ್ದ. ಕಳ್ಳನನ್ನು ಹಿಡಿದು ತಂದ ಹಾಗೆ ತಲೆ ತಗ್ಗಿಸಿದ್ದ.

"ಅಪ್ಪಾ, ನಾನು ವೈನ್ ಕುಡಿಯೋದು ಬಿಟ್ಟು..."

"ಮೂರು ವರ್ಷ ಆಯ್ತು. ಗೊತ್ತು."

"ಗೊತ್ತಾ?"

"ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಕಾಣಲ್ವೇನೋ? ಊಟ ಆದ್ಮೇಲೆ ನಿನ್ನ ಕೆನ್ನೆ ಕೆಂಪಗಾಗೋದು ನಿಂತ್ಹೋಯ್ತು. ನನ್ನ ಜೊತೆ ಜಗಳ ಆಡೋದೂ ನಿಂತ್ಹೋಯ್ತು. ಅಷ್ಟೂ ತಿಳಿಯದ ಅಪ್ಪ ಏನೋ ನಾನು?"

"ಮತ್ತೆ ಯಾಕೆ ಒಂದು ಮಾತೂ..."

"ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ. ಬದುಕಿದ್ದೀಯಲ್ಲ, ಅಷ್ಟು ಸಾಕಾಗಿತ್ತು ನಂಗೆ. ಅದೂ ಅಲ್ದೆ, ನೀನು ಬಿಟ್ಟ ಮೇಲೆ ಮಾಡಿದ ವೈನೇ ಚೆನ್ನಾಗಿದೆ. ಹೇಳಿದ್ರೆ ಜಂಬ ಬರುತ್ತೆ ಅಂತ ಹೇಳ್ಲಿಲ್ಲ."

ಗೋತಿಯೆ ನಾಲ್ಕು ಹೆಜ್ಜೆಯಲ್ಲಿ ಬಂದು ತಂದೆಯ ಭುಜದಲ್ಲಿ ಮುಖ ಹುದುಗಿಸಿದ. ಸೋಲೆನ್ ಕಿಟಕಿಯ ಕಡೆ ತಿರುಗಿಕೊಂಡಳು. ಹೋದ ಜೀವ ಬಂದಂತಾಗುವುದು ಎಂದರೇನೆಂದು ಅವಳು ಆ ಅಡುಗೆಮನೆಯಲ್ಲಿ ಕಂಡಳು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಕೇಸು ಒಂದೂ ಸಿಕ್ಕಿರಲಿಲ್ಲ: ಅಪರಾಧಿ ಇಲ್ಲ, ಸತ್ತವರಿಲ್ಲ, ಮಗನನ್ನು ಮರಳಿ ಪಡೆದ ಅಪ್ಪ ಒಬ್ಬರಿದ್ದಾರೆ.

"ಸಾಕು ಅತ್ತಿದ್ದು, ಸಿಂಪಿ ಬಿಡಿಸು," ಅಂದರು ಅನ್ಸೆಲ್ಮರು ಮೂಗೊರೆಸಿಕೊಳ್ಳುತ್ತ. "ಡಾಕ್ಟರು ಒಂದು ವಾರ ವೈನ್ ಮುಟ್ಟಬೇಡಿ ಅಂದಿದಾರೆ. ವೈನಿಲ್ದೆ ಸಿಂಪಿ! ಉಪ್ಪಿಲ್ಲದ ಗಂಜಿ. ಎಲ್ಲೋ ಆ ನಿನ್ನ ನಿಂಬೆಹಣ್ಣು? ಕೊಡು ಇಲ್ಲಿ. ಆ ಸೇಬಿನ ರಸಾನೂ ತಾ, ನೋಡೇಬಿಡ್ತೀನಿ."

"ಸೇಬಿನ ರಸದ ಗುಟ್ಟೂ ಗೊತ್ತಾ ನಿಂಗೆ? ಅದಿರೋ ಜಾಗಾನೂ?"

"ಬಾಗಿಲ ಹಿಂದೆ," ಅಂದರು ಒಡೆಟ್ ಅತ್ತೆ. "ನೀನು ಬಚ್ಚಿಟ್ಟು ಹೋಗ್ತಿದ್ದೆ. ಕಾಣುತ್ತಲ್ಲಪ್ಪ ಅಂತ ನಾನು ಅದರ ಮೇಲೆ ಆಲೂಗಡ್ಡೆ ಚೀಲ ಎಳೀತಿದ್ದೆ. ಮೂರು ವರ್ಷದಿಂದ ಇದೇ ಕೆಲಸ ಆಗಿದೆ ನಂಗೆ."

ಎಲ್ಲರೂ ನಕ್ಕರು. ಗೋತಿಯೆ ಚೀಲ ಸರಿಸಿ ಸೇಬಿನ ರಸದ ಡಬ್ಬಿಯನ್ನೂ ಬಚ್ಚಿಟ್ಟಿದ್ದ ನಿಂಬೆಹಣ್ಣನ್ನೂ ತಂದ, ತಂದೆಗೊಂದು ಲೋಟ, ತನಗೊಂದು ಲೋಟ ಬಗ್ಗಿಸಿದ. ಆಮೇಲೆ ಬುಟ್ಟಿ ಎಳೆದುಕೊಂಡು ಸಿಂಪಿ ಬಿಡಿಸತೊಡಗಿದ. ಒಡೆಟ್ ಅತ್ತೆ ಸೋಲೆನ್‌ಳ ತಟ್ಟೆಗೆ ಬೆಣ್ಣೆ ರೊಟ್ಟಿ ಹಾಕಿದರು. ಅವಳಿಗೆ ಭಾನುವಾರದಿಂದ ಸರಿಯಾಗಿ ಊಟವೇ ಆಗಿರಲಿಲ್ಲ. ಈಗ ಹಸಿವು ಕಿತ್ತುಕೊಂಡು ಬಂತು.

"ಪಾಪ, ಕ್ರೆಸ್ಪೆಲ್‌ಗೂ ಒಂದು ಮಾತು ಹೇಳಬೇಕು," ಅಂದಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಅಣಬೆ ಕಾಟ ಅಂತ ತಿಳಿದ್ರೆ ಅವನ ಸಿಟ್ಟೂ ಇಳಿಯುತ್ತೆ."

"ಅಣಬೆ? ಆ ಪಟ್ಟಣದೋನಾ?" ಅನ್ಸೆಲ್ಮರು ಮೂಗು ಮುರಿದರು. "ಚಿಕ್ಕಂದಿನಿಂದ ಅಣಬೆ ಕಂಡ್ರೆ ಆಗಲ್ಲವಂತೆ. ಒಂದು ಚೂರೂ ಮುಟ್ಟಲಿಲ್ಲ ಮಹಾರಾಯ. ಅವನ ಪಾಲಿಂದೂ ನಾನೇ ತಿಂದೆ, ಅದಕ್ಕೇ ನಂಗೆ ಅಷ್ಟು ಜೋರಾಗಿ ಹೊಡೀತು."

ಸೋಲೆನ್ ಅಗಿಯುವುದನ್ನು ನಿಲ್ಲಿಸಿದಳು.

ಅಣಬೆ ತಿನ್ನದವನಿಗೆ ವಾಂತಿ ಯಾಕಾಯಿತು? ಅವನು ಎಲ್ಲರ ಬಾಟಲಿಯ ವೈನೇ ಕುಡಿದ, ಎಲ್ಲರ ಬುಟ್ಟಿಯ ಸಿಂಪಿಯೇ ತಿಂದ. ಬೇರೆ ಯಾರೂ ಮುಟ್ಟದ ಒಂದೇ ಒಂದು ವಸ್ತು ಅವನ ಹೊಟ್ಟೆಗೆ ಹೋಗಿತ್ತು. ಗೋತಿಯೆಯ ಬಾಟಲಿಯಿಂದ ಒಂದು ಲೋಟ.

ಅದು ಕ್ರೆಸ್ಪೆಲ್ ಕುಡಿಯಬೇಕಾದದ್ದಲ್ಲ. ಅದನ್ನು ಆ ಮನೆಯಲ್ಲಿ ಕುಡಿಯುವವನು ಒಬ್ಬನೇ. ಪೊಲೀಸರು ವೈನ್ ಬಾಟಲಿಗಳನ್ನೆಲ್ಲ ಹೊತ್ತೊಯ್ದಿದ್ದರು; ವೈನಿನ ಊರಿನಲ್ಲಿ ಸೇಬಿನ ರಸದ ಡಬ್ಬಿಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

"ಗೋತಿಯೆ! ಲೋಟ ಕೆಳಗಿಡು!"

ತುಟಿಯ ಹತ್ತಿರ ಹೋಗಿದ್ದ ಲೋಟ ಅಲ್ಲೇ ನಿಂತಿತು. "ಏನಾಯ್ತೇ?"

"ಈ ಡಬ್ಬಿ ಯಾವಾಗ ತಂದೆ?"

"ಇದಾ? ನಾನು ತಂದ ನೆನಪಿಲ್ಲ. ಹಳೇದು ಖಾಲಿಯಾಗಿತ್ತು. ಶನಿವಾರ ನೋಡಿದ್ರೆ ಹೊಸದಿತ್ತು, ಅದ್ರಿಂದಲೇ ಬಾಟಲಿ ತುಂಬಿಸ್ದೆ. ನಾನೇ ತಂದು ಮರೆತಿದ್ದೀನಿ ಅಂದ್ಕೊಂಡೆ." ಅವನು ಅತ್ತೆಯ ಕಡೆ ತಿರುಗಿ ನಕ್ಕ. "ಈಗ ಗೊತ್ತಾಯ್ತು ಬಿಡು, ಅತ್ತೆ ತಂದಿಟ್ಟಿರೋದು."

"ನಾನೆಲ್ಲಿ ತಂದೆ? ಚೀಲ ಎಳೆದಿದ್ದಷ್ಟೇ ನಾನು. ನಿಮ್ಮಪ್ಪನೇ ಇರಬೇಕು."

"ನಾನಲ್ಲಪ್ಪ," ಅಂದರು ಅನ್ಸೆಲ್ಮರು.

ಗೋತಿಯೆಯ ಮುಖದ ನಗು ಮೆಲ್ಲಗೆ ಆರಿತು. ಅವನು ತನ್ನ ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟು, ತಂದೆಯ ಕಡೆ ನೋಡಿದ.

ಮುದುಕರು ಮೀಸೆ ಒರೆಸಿಕೊಳ್ಳುತ್ತಿದ್ದರು. "ಪರವಾಗಿಲ್ಲ ಕಣೋ, ನಿಂಬೆ ಜೊತೆ ಚೆನ್ನಾಗೇ ಇದೆ," ಎಂದು ಖಾಲಿ ಲೋಟವನ್ನು ಮಗನ ಮುಂದೆ ಚಾಚಿದರು. "ಇನ್ನೊಂದು ಸ್ವಲ್ಪ ಹಾಕು."